ಹಳೇ ರೇಂಜ್ ಒಲೆ ಕೈಕೊಟ್ಟಾಗ: ಉರಿ, ಓವನ್, ಬಣ್ಣ, ಬೆಳಕು – ದೋಷ ಹುಡುಕುವ ಬಗೆ

1930ರಿಂದ 1970ರ ದಶಕದವರೆಗೆ ಅಮೆರಿಕದಲ್ಲಿ ತಯಾರಾದ ಎನಾಮೆಲ್ ರೇಂಜ್‌ಗಳು ಇವತ್ತಿಗೂ ಎಷ್ಟೋ ಅಡುಗೆಮನೆಗಳಲ್ಲಿ ಉರಿಯುತ್ತಿವೆ. ರೇಂಜ್ ಅಂದರೆ ಮೇಲೆ ಬರ್ನರ್, ಕೆಳಗೆ ಓವನ್, ಎರಡೂ ಒಂದೇ ಮೈಯಲ್ಲಿ ಸೇರಿಕೊಂಡ ಒಲೆ. ಓಕೀಫ್ ಅಂಡ್ ಮೆರಿಟ್, ವೆಜ್‌ವುಡ್, ಚೇಂಬರ್ಸ್, ರೋಪರ್, ಟಾಪನ್ ಹೀಗೆ ಅದೆಷ್ಟು ಹೆಸರುಗಳು! ಒಳಗೆ ಸರ್ಕ್ಯೂಟ್ ಬೋರ್ಡ್ ಇಲ್ಲ, ಡಿಜಿಟಲ್ ಪರದೆ ಇಲ್ಲ. ಹಿತ್ತಾಳೆ ವಾಲ್ವ್, ಬೀಡು ಕಬ್ಬಿಣದ ಬರ್ನರ್, ಓವನ್ ಶಾಖವನ್ನು ಹಿಡಿತದಲ್ಲಿಡುವ ಒಂದು ಥರ್ಮೋಸ್ಟಾಟ್, ನಾಲ್ಕಾರು ಕೊಳವೆ. ಅಷ್ಟೇ.

ಹಾಗಿದ್ದರೂ ಒಲೆ ಮೊಂಡಾಟ ಶುರು ಮಾಡಿದ ಕೂಡಲೇ ಜನ ಬಿಡಿಭಾಗ ಹುಡುಕಲು ಹೊರಡುತ್ತಾರೆ. ಇಲ್ಲವೇ ಒಲೆಯನ್ನೇ ಗುಜರಿಗೆ ಹಾಕುತ್ತಾರೆ. ನನಗೆ ಇದನ್ನು ನೋಡಿದರೆ ನಿಜಕ್ಕೂ ಬೇಜಾರಾಗುತ್ತದೆ. ಏಕೆಂದರೆ ಇಂಥ ಒಲೆಗಳಲ್ಲಿ ಭಾಗ ಸತ್ತು ಹೋಗಿರುವುದು ಕಡಿಮೆ. ಜಾಸ್ತಿ ಸಿಗುವುದು ಕೊಳೆ, ತಪ್ಪು ಸೆಟ್ಟಿಂಗ್, ತಪ್ಪು ಗ್ಯಾಸ್, ಒಣಗಿದ ಗ್ರೀಸ್. ಅದಕ್ಕೇ ಹೊರಗಿನಿಂದ ಒಳಗೆ ಹೋಗಿ. ಮೊದಲು ಸರಬರಾಜು, ಆಮೇಲೆ ಸೆಟ್ಟಿಂಗ್, ಆಮೇಲೆ ಕೊಳೆ, ಕೊನೆಗೆ ಭಾಗ. ಒಲೆ ಕೆಲಸ ಮಾಡುತ್ತಿದೆ ಆದರೆ ಅಡುಗೆಮನೆ ಮಂಕಾಗಿ, ಹಳಸಲಾಗಿ ಕಾಣುತ್ತಿದೆ ಅನ್ನುವ ದೂರಿಗೂ ಇದೇ ದಾರಿ ಸಾಕು. ಅದರ ಬಗ್ಗೆ ಕೊನೆಯಲ್ಲಿ ಬರೆದಿದ್ದೇನೆ.

ಕೈ ಹಾಕುವ ಮುಂಚೆ

ಗ್ಯಾಸ್ ವಾಸನೆ ಗಟ್ಟಿಯಾಗಿ ಬರುತ್ತಿದ್ದರೆ ದೋಷ ಹುಡುಕುವ ಕೆಲಸವೇ ಬೇಡ. ಸ್ವಿಚ್ ಮುಟ್ಟಬೇಡಿ, ಕಡ್ಡಿ ಗೀರಬೇಡಿ, ಎಲ್ಲರನ್ನೂ ಕರೆದುಕೊಂಡು ಹೊರಗೆ ಹೋಗಿ, ಅಲ್ಲಿಂದ ಫೋನ್ ಮಾಡಿ. ಗ್ಯಾಸಿಗೆ ತನ್ನದೇ ವಾಸನೆ ಇಲ್ಲ. 1937ರಲ್ಲಿ ಟೆಕ್ಸಾಸಿನ ನ್ಯೂ ಲಂಡನ್ ಊರಿನ ಶಾಲೆಯಲ್ಲಿ ಸೋರಿದ ಗ್ಯಾಸ್ ಸಿಡಿದು 300ರ ಹತ್ತಿರ ಜನ ಸತ್ತರು, ಹೆಚ್ಚಿನವರು ಮಕ್ಕಳು. ಗ್ಯಾಸಿಗೆ ಕೆಟ್ಟ ವಾಸನೆ ಬೆರೆಸಲೇಬೇಕು ಅನ್ನುವ ಕಾನೂನು ಬಂದದ್ದು ಆಮೇಲೆ. ಆ ವಾಸನೆ ಮೂಗಿಗೆ ಬಡಿದ ಮೇಲೂ ಸ್ಪ್ಯಾನರ್ ಹಿಡಿದು ಕೂರಬೇಡಿ.

ಇನ್ನೊಂದು ವಿಷಯ ಒಲೆಯ ಹಿಂದೆ ಇರುತ್ತದೆ. ಗೋಡೆಯ ಪೈಪಿನಿಂದ ಒಲೆಗೆ ಬರುವ ಬಳುಕುವ ಕೊಳವೆ ಹೊದಿಕೆಯಿಲ್ಲದ ಹಳೇ ಹಿತ್ತಾಳೆಯದಾಗಿದ್ದರೆ ಅದನ್ನು ಬದಲಿಸಲೇಬೇಕು. ಅದರ ತುದಿಯ ಬೆಸುಗೆ ಬಿಟ್ಟುಹೋಗಿ ಬೆಂಕಿ ಹತ್ತಿದ ಪ್ರಕರಣಗಳ ಬಗ್ಗೆ ಅಮೆರಿಕದ ಗ್ರಾಹಕ ಉತ್ಪನ್ನ ಸುರಕ್ಷತಾ ಆಯೋಗವೇ ಎಚ್ಚರಿಕೆ ಕೊಟ್ಟಿದೆ. ಆದರೆ ಅದನ್ನು ನೋಡಲು ಅಂತ ಒಲೆಯನ್ನು ಎಳೆಯಬೇಡಿ. ಎಳೆದಾಗ ಬಾಗಿಯೇ ಅದು ಒಡೆಯಬಹುದು. ಲೈಸೆನ್ಸ್ ಇರುವ ಗ್ಯಾಸ್ ಕೆಲಸದವರನ್ನು ಕರೆಸಿ, ಅವರೇ ಸರಿಸಲಿ.

ಕಾರ್ಬನ್ ಮಾನಾಕ್ಸೈಡ್ ಅಲಾರಂ ಇಲ್ಲದ ಮನೆಯಲ್ಲಿ ಹಳೇ ಗ್ಯಾಸ್ ರೇಂಜ್ ಉರಿಸಬೇಡಿ. ಇದರಲ್ಲಿ ರಿಯಾಯಿತಿ ಇಲ್ಲ.

ಉರಿಯನ್ನು ಓದುವುದು

ಗ್ಯಾಸ್ ಒಲೆಯ ಅರ್ಧ ದೋಷವನ್ನು ಉರಿಯೇ ಹೇಳಿಬಿಡುತ್ತದೆ. ಲೈಟ್ ಆರಿಸಿ, ಕಿಟಕಿಯ ಪರದೆ ಎಳೆದು, ಒಂದೊಂದೇ ಬರ್ನರ್ ಹಚ್ಚಿ ನೋಡಿ. ಸರಿಯಾದ ಉರಿ ನೀಲಿ. ಒಳಗೆ ಚೂಪಾದ ತಿಳಿನೀಲಿ ಮೊನೆ, ಸುತ್ತ ಕಡುನೀಲಿ. ಸದ್ದು ಮೆಲ್ಲಗಿರಬೇಕು, ಉರಿ ಬರ್ನರಿಗೆ ಅಂಟಿಕೊಂಡಿರಬೇಕು.

ಉರಿಯಲ್ಲಿ ಏನೇ ತಪ್ಪು ಕಂಡರೂ ಮೊದಲ ಪ್ರಶ್ನೆ ಒಂದೇ: ಇದು ಒಂದು ಬರ್ನರಿನಲ್ಲಾ, ಎಲ್ಲದರಲ್ಲೂನಾ? ಒಂದರಲ್ಲೇ ಇದ್ದರೆ ತಪ್ಪು ಆ ಬರ್ನರಿನಲ್ಲೇ ಇದೆ: ಕೊಳೆ, ಗಾಳಿಯ ಕಿಂಡಿ, ಇಲ್ಲವೇ ಜೆಟ್, ಅಂದರೆ ಬರ್ನರಿಗೆ ಗ್ಯಾಸ್ ಬಿಡುವ ಸಣ್ಣ ತೂತಿನ ತುಂಡು. ಎಲ್ಲದರಲ್ಲೂ ಒಂದೇ ಥರ ಇದ್ದರೆ ಬರ್ನರ್ ಬಿಚ್ಚಬೇಡಿ. ಒತ್ತಡ ತಪ್ಪಿದೆ, ಇಲ್ಲವೇ ಒಲೆ ಒಂದು ಗ್ಯಾಸಿಗೆ, ಮನೆಗೆ ಬರುವುದು ಇನ್ನೊಂದು. ಈ ಒಂದು ಪ್ರಶ್ನೆ ಕೇಳಿಕೊಳ್ಳದೆ ಬರ್ನರ್‌ಗಳನ್ನು ಉಜ್ಜುತ್ತಾ ಕೂತವರು ತುಂಬಾ ಜನ.

ಉರಿಯ ತುದಿ ಹಳದಿಯಾಗಿ ಸೋಮಾರಿಯಂತೆ ಓಲಾಡುತ್ತಿದ್ದರೆ, ಪಾತ್ರೆಯ ತಳಕ್ಕೆ ಮಸಿ ಹಿಡಿಯುತ್ತಿದ್ದರೆ, ಗಾಳಿ ಸಾಲುತ್ತಿಲ್ಲ. ಗ್ಯಾಸ್ ಪೂರ್ತಿ ಉರಿಯುತ್ತಿಲ್ಲ, ಅಂದರೆ ಕಾರ್ಬನ್ ಮಾನಾಕ್ಸೈಡ್ ಕೂಡ ಹುಟ್ಟುತ್ತಿರಬಹುದು. ಬರ್ನರಿನ ಕೊಳವೆ ವಾಲ್ವನ್ನು ಸೇರುವ ಬಾಯಲ್ಲಿ ಒಂದು ತಿರುಗುವ ತಗಡು ಇರುತ್ತದೆ. ಅದೇ ಗಾಳಿಯ ಕಿಂಡಿ. ಅದರ ಸ್ಕ್ರೂ ಸಡಿಲಿಸಿ ಸ್ವಲ್ಪ ಸ್ವಲ್ಪವೇ ತೆರೆಯಿರಿ, ಹಳದಿ ಮಾಯವಾಗುವಷ್ಟು ಮಾತ್ರ. ತೆರೆದರೂ ಹಳದಿ ಹೋಗದಿದ್ದರೆ ಕೊಳವೆಯ ಒಳಗೆ ಬೆಳಕು ಬಿಟ್ಟು ನೋಡಿ. ಬಹಳ ದಿನ ಉರಿಸದ ಒಲೆಯಲ್ಲಿ ಜೇಡ ಬಲೆ ಕಟ್ಟಿರುವುದು ತೀರಾ ಮಾಮೂಲು. ಕಣ್ಣಿಗೆ ಕಾಣದಷ್ಟು ತೆಳ್ಳಗಿನ ಬಲೆಯೂ ಗಾಳಿಯ ದಾರಿ ಕೆಡಿಸುತ್ತದೆ. ಬಾಟಲಿ ತೊಳೆಯುವ ಬ್ರಷ್ ಸಾಕು.

ಹಳದಿ ತುದಿಯನ್ನೂ ಕಿತ್ತಳೆ ಕಿಡಿಯನ್ನೂ ಒಂದೇ ಅಂದುಕೊಳ್ಳಬೇಡಿ. ನೀಲಿ ಉರಿಯ ನಡುವೆ ಆಗಾಗ ಕಿತ್ತಳೆ ಬಣ್ಣದ ಚುಕ್ಕೆ ಮಿಂಚಿ ಹೋದರೆ ಅದು ಗಾಳಿಯ ದೂಳು, ಇಲ್ಲವೇ ಉಪ್ಪಿನಂಶ. ನೆಲ ಗುಡಿಸಿದ ಮೇಲೆ, ಹ್ಯುಮಿಡಿಫೈಯರ್ ಓಡುತ್ತಿರುವಾಗ ಇದು ಜಾಸ್ತಿ. ಇದಕ್ಕೆ ಒಲೆಯನ್ನು ಮುಟ್ಟುವ ಅಗತ್ಯವೇ ಇಲ್ಲ.

ಉರಿ ಬರ್ನರನ್ನು ಬಿಟ್ಟು ಮೇಲೆ ಎಗರುತ್ತಾ ಭುಸ್ ಅಂತ ಸದ್ದು ಮಾಡಿದರೆ ಗಾಳಿ ಹೆಚ್ಚಾಗಿದೆ ಅಥವಾ ಒತ್ತಡ ಹೆಚ್ಚಾಗಿದೆ. ಆರಿಸುವಾಗ 'ಟಪ್' ಅಂತ ಸಿಡಿದು ಉರಿ ಕೊಳವೆಯ ಒಳಗೆ ಹಿಂದಕ್ಕೆ ಓಡಿದರೆ ಒತ್ತಡ ಕಡಿಮೆ, ಇಲ್ಲವೇ ಗಾಳಿಯ ಕಿಂಡಿ ತೀರಾ ಅಗಲ.

ಈಗ ಎಲ್ಲ ಬರ್ನರೂ ಒಟ್ಟಿಗೆ ಕೆಟ್ಟಿರುವ ಸಂದರ್ಭ. ಹಳೇ ರೇಂಜ್ ಮನೆಯಿಂದ ಮನೆಗೆ ಸಾಗಿ ಬಂದಿರುತ್ತದೆ. ಪೈಪ್ ಗ್ಯಾಸಿಗೆ ಅಂದರೆ ನೈಸರ್ಗಿಕ ಅನಿಲಕ್ಕೆ ಕೂರಿಸಿದ ಒಲೆಗೆ ಎಲ್‌ಪಿಜಿ ಕೊಟ್ಟರೆ ಉರಿ ದೊಡ್ಡದಾಗಿ, ಹಳದಿಯಾಗಿ, ಮಸಿ ಕಾರುತ್ತಾ ಏಳುತ್ತದೆ. ಕಾರಣ ಸರಳ. ಒಂದು ಘನ ಅಡಿ ನೈಸರ್ಗಿಕ ಅನಿಲದಲ್ಲಿ ಸುಮಾರು 1000 ಬಿಟಿಯು (ಶಾಖದ ಒಂದು ಅಳತೆ) ಶಾಖ ಇದ್ದರೆ ಅಷ್ಟೇ ಪ್ರೊಪೇನಿನಲ್ಲಿ ಸುಮಾರು 2500 ಇರುತ್ತದೆ. ಅದಕ್ಕೆ ಎಲ್‌ಪಿಜಿ ಜೆಟ್ಟಿನ ತೂತು ಚಿಕ್ಕದು. ಒತ್ತಡವೂ ಬೇರೆ: ನೈಸರ್ಗಿಕ ಅನಿಲದ ರೇಂಜಿಗೆ ಸಾಮಾನ್ಯವಾಗಿ 4ರಿಂದ 5 ಇಂಚು ಎತ್ತರದ ನೀರು ಹಾಕುವ ಒತ್ತಡದಷ್ಟು, ಎಲ್‌ಪಿಜಿಗೆ 10ರಿಂದ 11 ಇಂಚು. ಉಲ್ಟಾ ಆದರೆ, ಎಲ್‌ಪಿಜಿ ಜೆಟ್ಟಿಗೆ ಪೈಪ್ ಗ್ಯಾಸ್ ಬಂದರೆ, ಉರಿ ಬತ್ತಿಯಷ್ಟು ಸಣ್ಣಗಿರುತ್ತದೆ. ಎಷ್ಟು ತಿರುಗಿಸಿದರೂ ನೀರು ಕುದಿಯುವುದಿಲ್ಲ.

ಕೆಲವು ಹಳೇ ಒಲೆಗಳ ಜೆಟ್ ಟೋಪಿಯ ಹಾಗೆ ಮೇಲೆ ಕೂತಿರುತ್ತದೆ. ಅದನ್ನು ತಿರುಗಿಸಿ ಒತ್ತಿದರೆ ತೂತು ಕಿರಿದಾಗುತ್ತದೆ, ಸಡಿಲಿಸಿದರೆ ಅಗಲವಾಗುತ್ತದೆ. ಸಣ್ಣ ತಿದ್ದುಪಡಿಗೆ ಇದು ಸಾಕು. ಆದರೆ ಗ್ಯಾಸಿನ ಬಗೆಯನ್ನೇ ಬದಲಿಸುವುದೆಂದರೆ ಜೆಟ್, ರೆಗ್ಯುಲೇಟರ್, ಪೈಲಟ್, ಓವನ್ ಥರ್ಮೋಸ್ಟಾಟ್ ಎಲ್ಲಕ್ಕೂ ಕೈ ಹಾಕಬೇಕು. ಒತ್ತಡ ಅಳೆಯುವ ಮಾನೋಮೀಟರ್ ಇಲ್ಲದವರು ಅದಕ್ಕೆ ಹೋಗಬಾರದು. ಜೆಟ್ಟಿಗೆ ಡ್ರಿಲ್ ಹಾಕಿ ಅಂದಾಜಿನ ಮೇಲೆ ದೊಡ್ಡದು ಮಾಡುವುದನ್ನು ದಯವಿಟ್ಟು ಯಾರೂ ಮಾಡಬೇಡಿ.

ಪೈಲಟ್ ಉರಿಯುತ್ತಿದೆ, ಬರ್ನರ್ ಹತ್ತುತ್ತಿಲ್ಲ

ಮೇಲಿನ ಬರ್ನರುಗಳ ನಡುವೆ ಸದಾ ಉರಿಯುವ ಪುಟ್ಟ ಉರಿಯೇ ಪೈಲಟ್. ಅಲ್ಲಿಂದ ಒಂದೊಂದು ಬರ್ನರಿಗೂ ತೆಳು ಕೊಳವೆ ಹೋಗಿರುತ್ತದೆ. ನಾಬ್ ತಿರುಗಿಸಿದಾಗ ಬರ್ನರಿನ ಪಕ್ಕದ ಒಂದು ತೂತಿನಿಂದ ಗ್ಯಾಸ್ ಆ ಕೊಳವೆಯೊಳಗೆ ಹರಿದು, ಪೈಲಟ್ ಮುಟ್ಟಿ, ಉರಿ ಹಿಂದಕ್ಕೆ ಓಡಿ ಬಂದು ಬರ್ನರ್ ಹತ್ತುತ್ತದೆ. ಇದಿಷ್ಟು ಗೊತ್ತಿದ್ದರೆ ದೋಷ ಎಲ್ಲಿದೆ ಅಂತ ಊಹಿಸುವುದು ಕಷ್ಟವಲ್ಲ. ಕೊಳವೆ ಜರುಗಿದೆಯಾ? ಬರ್ನರಿನ ಆ ಪಕ್ಕದ ತೂತು ಮುಚ್ಚಿದೆಯಾ? ಸ್ವಚ್ಛ ಮಾಡಲು ಬರ್ನರ್ ಎತ್ತಿ ಮತ್ತೆ ಇಟ್ಟ ಮೇಲೆ ಶುರುವಾದ ತೊಂದರೆ ಆದರೆ ಮೊದಲನೆಯದೇ ಕಾರಣ. ಹಾಲು ಉಕ್ಕಿದ ಮೇಲೆ ಶುರುವಾದರೆ ಎರಡನೆಯದು.

ತೂತು ಬಿಡಿಸಲು ಮೆತ್ತನೆ ತಾಮ್ರದ ತಂತಿ. ಉಕ್ಕಿನ ಸೂಜಿ ಬೇಡ, ತೂತು ಅಗಲವಾದರೆ ಮತ್ತೆ ಕಿರಿದು ಮಾಡಲಾಗುವುದಿಲ್ಲ. ಬೀಡು ಕಬ್ಬಿಣದ ಬರ್ನರನ್ನು ಬಿಸಿನೀರು, ವಾಷಿಂಗ್ ಸೋಡಾದಲ್ಲಿ ನೆನೆಸಬಹುದು. ತೊಳೆದ ಮೇಲೆ ಕಡಿಮೆ ಶಾಖದ ಓವನ್ನಿನಲ್ಲಿ ಪೂರ್ತಿ ಒಣಗಿಸಿ, ಇಲ್ಲದಿದ್ದರೆ ರಾತ್ರಿ ಕಳೆಯುವಷ್ಟರಲ್ಲಿ ತುಕ್ಕು. ಅಲ್ಯೂಮಿನಿಯಂ ಬರ್ನರಿಗೆ ಮಾತ್ರ ಸೋಡಾ, ಓವನ್ ಕ್ಲೀನರ್ ತಾಕಿಸಲೇಬೇಡಿ. ಅವು ಲೋಹವನ್ನೇ ತಿನ್ನುತ್ತವೆ. ಕೈಗೆತ್ತಿಕೊಂಡರೆ ಗೊತ್ತಾಗುತ್ತದೆ: ಭಾರವಾಗಿದ್ದರೆ ಬೀಡು, ಹಗುರವಾಗಿ ಬೆಳ್ಳಗಿದ್ದರೆ ಅಲ್ಯೂಮಿನಿಯಂ.

ನಾಬ್ ತಿರುಗಿಸಲು ಎರಡು ಕೈ ಬೇಕಾಗುತ್ತಿದ್ದರೆ ವಾಲ್ವಿನ ಗ್ರೀಸ್ ಒಣಗಿದೆ. ಒಳಗೆ ಶಂಕುವಿನಾಕಾರದ ಹಿತ್ತಾಳೆಯ ತುಂಡೊಂದು ಅಷ್ಟೇ ಬಿಗಿಯಾದ ಗೂಡಿನಲ್ಲಿ ತಿರುಗುತ್ತದೆ. ಗ್ಯಾಸ್ ಸೋರದಂತೆ ತಡೆಯುವುದು ಆ ಅಳತೆ ಮತ್ತು ಗ್ರೀಸಿನ ತೆಳು ಪದರ, ಎರಡೇ. ಬಲವಂತ ಮಾಡಿದರೆ ಹಿತ್ತಾಳೆ ಗೀರುಬಿದ್ದು ಸೋರಿಕೆ ಶುರು. ಮೇನ್ ಬಂದ್ ಮಾಡಿ, ಎಲ್ಲ ಪೈಲಟ್ ಆರಿಸಿ, ವಾಲ್ವ್ ಬಿಚ್ಚಿ, ಹಳೇ ಗ್ರೀಸ್ ಒರೆಸಿ, ಗ್ಯಾಸ್ ವಾಲ್ವಿಗೆಂದೇ ಮಾಡಿದ ಶಾಖ ತಡೆಯುವ ಗ್ರೀಸನ್ನು ತೆಳ್ಳಗೆ ಸವರಬೇಕು. ಗ್ಯಾಸ್ ಹಾಯುವ ತೂತಿಗೆ ಗ್ರೀಸ್ ತುಂಬಿಕೊಳ್ಳಬಾರದು. ಒಂದು ಸಲಕ್ಕೆ ಒಂದೇ ವಾಲ್ವ್ ಬಿಚ್ಚಿ. ಪ್ರತಿ ತುಂಡನ್ನೂ ಅದರದೇ ಗೂಡಿಗೆ ಉಜ್ಜಿ ಕೂರಿಸಿರುತ್ತಾರೆ, ಅದಲು ಬದಲಾದರೆ ಎರಡೂ ಸೋರುತ್ತವೆ. ಅಡುಗೆ ಎಣ್ಣೆ, ತುಕ್ಕು ಬಿಡಿಸುವ ಸ್ಪ್ರೇ ಇವೆಲ್ಲ ಗ್ರೀಸನ್ನು ತೊಳೆದುಹಾಕುತ್ತವೆ. ಒಂದು ವಾರ ನಾಬ್ ಹಗುರಾಗಿ ತಿರುಗಿದ ಹಾಗೆ ಅನಿಸಿ ಆಮೇಲೆ ಮೊದಲಿಗಿಂತ ಕೆಡುತ್ತದೆ.

ವಾಲ್ವ್ ಮುಟ್ಟಿದ ಮೇಲೆ ಸೋಪಿನ ನೀರಿನ ಪರೀಕ್ಷೆ ಆಗಲೇಬೇಕು. ಪಾತ್ರೆ ಸೋಪು ಕಲಸಿದ ನೀರನ್ನು ಬ್ರಷ್‌ನಿಂದ ಹಚ್ಚಿ, ಗ್ಯಾಸ್ ಬಿಟ್ಟು, ಬೆಳಕಿನಲ್ಲಿ ನೋಡಿ. ಗುಳ್ಳೆ ಬೆಳೆದರೆ ಸೋರಿಕೆ. ಬೆಂಕಿಕಡ್ಡಿ ಹಿಡಿದು ಹುಡುಕುವ ಹಳೇ ಅಭ್ಯಾಸ ಯಾರ ಮನೆಯಲ್ಲೂ ಉಳಿಯಬಾರದು.

ಓವನ್ ಹತ್ತುವುದಿಲ್ಲ

ಇಲ್ಲಿ ಸ್ವಲ್ಪ ನಿಧಾನವಾಗಿ ಹೋಗೋಣ. ಹಳೇ ರೇಂಜಿನಲ್ಲಿ ನಿಜವಾಗಿ ಅಪಾಯಕಾರಿ ಜಾಗ ಅಂದರೆ ಇದೇ.

ಮೊದಲು ಗಡಿಯಾರ ನೋಡಿ. 1950ರ ನಂತರದ ಎಷ್ಟೋ ಒಲೆಗಳ ಗಡಿಯಾರಕ್ಕೆ ಓವನ್ನನ್ನು ತಾನೇ ಹಚ್ಚಿ ಆರಿಸುವ ಟೈಮರ್ ಜೋಡಿಸಿರುತ್ತಾರೆ. ಒರೆಸುವಾಗ ಕೈ ತಾಕಿ ಅದು 'ಆಟೋಮ್ಯಾಟಿಕ್' ಕಡೆಗೆ ಜರುಗಿದ್ದರೆ ಓವನ್ ಸತ್ತಂತೆ ಸುಮ್ನೆ ಕೂರುತ್ತದೆ. 'ಮ್ಯಾನುಯಲ್' ಕಡೆಗೆ ತಿರುಗಿಸಿದರೆ ಕಥೆ ಮುಗಿಯಿತು. ಗ್ಯಾಸ್ ಇರಲಿ, ಕರೆಂಟ್ ಇರಲಿ, ಥರ್ಮೋಸ್ಟಾಟ್ ಕೆಟ್ಟಿದೆ ಅನ್ನುವ ಮುಂಚೆ ಇದನ್ನು ನೋಡಲೇಬೇಕು.

ಆಮೇಲೆ ನಿಮ್ಮ ಓವನ್ ಯಾವ ಜಾತಿಯದು ಅಂತ ಗುರುತಿಸಿ. ತೀರಾ ಹಳೇ ಒಲೆಗಳಲ್ಲಿ ಓವನ್ನಿಗೆ ಸುರಕ್ಷತಾ ವಾಲ್ವೇ ಇಲ್ಲ. ತಳದ ತಗಡಿನ ತೂತಿನಲ್ಲಿ ಕಡ್ಡಿ ಹಿಡಿದು ಕೈಯಿಂದಲೇ ಹಚ್ಚಬೇಕು. ಉರಿ ಹತ್ತದಿದ್ದರೂ ಗ್ಯಾಸ್ ಬರುತ್ತಲೇ ಇರುತ್ತದೆ. ಇಂಥದರಲ್ಲಿ ಮೊದಲು ಬಾಗಿಲು ತೆರೆ, ಕಡ್ಡಿ ಹಚ್ಚಿ ತೂತಿನ ಹತ್ತಿರ ಹಿಡಿ, ಆಮೇಲೆ ಗ್ಯಾಸ್ ಬಿಡು. ಈ ಕ್ರಮ ತಪ್ಪಿದರೆ ಒಳಗೆ ಗ್ಯಾಸ್ ತುಂಬಿ ಸಿಡಿಯುತ್ತದೆ. ಒಮ್ಮೆ ಹತ್ತದಿದ್ದರೆ ಬಂದ್ ಮಾಡಿ, ಬಾಗಿಲು ತೆರೆದಿಟ್ಟು, ವಾಸನೆ ಪೂರ್ತಿ ಹೋಗುವವರೆಗೆ ಕಾಯಿರಿ. ಇಂಥ ಓವನ್ನನ್ನು ಉಳಿಸಿಕೊಳ್ಳುವವರು ಪರಿಣತರಿಂದ ಸುರಕ್ಷತಾ ವಾಲ್ವ್ ಹಾಕಿಸಿಕೊಳ್ಳಲೇಬೇಕು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಅಂದ ಕೆಡುತ್ತದೆ, ಅಸಲಿತನ ಹೋಗುತ್ತದೆ ಅನ್ನುವ ವಾದವನ್ನು ನಾನು ಒಪ್ಪುವುದಿಲ್ಲ. ವಾಲ್ವ್ ಒಳಗಡೆ ಇರುತ್ತದೆ, ಕಣ್ಣಿಗೂ ಬೀಳುವುದಿಲ್ಲ.

ಎರಡನೆಯ ಜಾತಿಯಲ್ಲಿ ಒತ್ತುವ ಗುಂಡಿ ಇರುತ್ತದೆ. ಒತ್ತಿ ಹಿಡಿದು ಪೈಲಟ್ ಹಚ್ಚಬೇಕು. ಒಂದು ನಿಮಿಷ ಬಿಟ್ಟು ಗುಂಡಿ ಬಿಟ್ಟರೂ ಪೈಲಟ್ ಉಳಿಯಬೇಕು. ಬಿಟ್ಟ ಕೂಡಲೇ ಆರಿದರೆ ನೋಡಬೇಕಾದದ್ದು ಥರ್ಮೋಕಪಲ್. ಪೈಲಟ್ ಉರಿಯಲ್ಲಿ ಬಿಸಿಯಾಗುವ ಆ ಕಡ್ಡಿ ಸರಿಯಿದ್ದರೆ ಬಿಡಿಯಾಗಿ ಅಳೆದಾಗ 25ರಿಂದ 30 ಮಿಲಿವೋಲ್ಟ್ ಕೊಡುತ್ತದೆ. ಮಲ್ಟಿಮೀಟರ್ ಇದ್ದರೆ ಐದು ನಿಮಿಷದ ಕೆಲಸ. ಅದನ್ನು ಬದಲಿಸುವ ಮುಂಚೆ ಉರಿ ಅದರ ತುದಿಯನ್ನು ಸುತ್ತಿಕೊಂಡಿದೆಯಾ, ವಾಲ್ವಿನ ಕಡೆಯ ನಟ್ ಸಡಿಲವಾಗಿದೆಯಾ ನೋಡಿ. ಪೈಲಟ್ ಉರಿಯೇ ಸಣ್ಣದಾಗಿದ್ದರೆ ಹೊಸ ಥರ್ಮೋಕಪಲ್ ಹಾಕಿದರೂ ಅದೇ ಗತಿ.

ಮೂರನೆಯದರಲ್ಲಿ ಪೈಲಟ್ ಎರಡು ಹಂತದ್ದು. ಸಾಮಾನ್ಯವಾಗಿ ಸಣ್ಣಗೆ ಉರಿಯುತ್ತಿರುತ್ತದೆ. ಥರ್ಮೋಸ್ಟಾಟ್ ತಿರುಗಿಸಿದಾಗ ದೊಡ್ಡದಾಗಿ ಒಂದು ಸಂವೇದಕ ಕಡ್ಡಿಯನ್ನು ಕಾಯಿಸುತ್ತದೆ. ಕಡ್ಡಿ ಕಾದ ಮೇಲಷ್ಟೇ ಸುರಕ್ಷತಾ ವಾಲ್ವ್ ತೆರೆದು ದೊಡ್ಡ ಬರ್ನರ್ ಹತ್ತುತ್ತದೆ. ಇದಕ್ಕೆ ಅರ್ಧ ನಿಮಿಷದಿಂದ ಒಂದೂವರೆ ನಿಮಿಷ ಹಿಡಿಯುವುದು ಸಹಜ. ಹೊಸಬರು ಇಷ್ಟು ತಡ ಕಂಡು ದೋಷ ಅಂದುಕೊಳ್ಳುತ್ತಾರೆ. ಪೈಲಟ್ ದೊಡ್ಡದಾಗುತ್ತಲೇ ಇಲ್ಲವೆಂದರೆ ತಪ್ಪು ಥರ್ಮೋಸ್ಟಾಟಿನ ಕಡೆ ಅಥವಾ ಕಟ್ಟಿಕೊಂಡ ಪೈಲಟ್ ಕೊಳವೆಯಲ್ಲಿ. ದೊಡ್ಡದಾಗಿ ಕಡ್ಡಿಯನ್ನು ಚೆನ್ನಾಗಿ ಸುತ್ತಿಕೊಂಡು ಎರಡು ಮೂರು ನಿಮಿಷವಾದರೂ ಬರ್ನರ್ ಹತ್ತದಿದ್ದರೆ ತಪ್ಪು ಸುರಕ್ಷತಾ ವಾಲ್ವಿನಲ್ಲಿ. ಅದನ್ನು ರಿಪೇರಿ ಮಾಡಲು ಹೋಗಬೇಡಿ, ಬದಲಿಸಿ. ಕೆಲವು ಹಳೇ ಸಂವೇದಕಗಳ ಒಳಗೆ ಪಾದರಸ ಇರುತ್ತದೆ. ಕತ್ತರಿಸಬೇಡಿ, ಕಸದ ಬುಟ್ಟಿಗೂ ಹಾಕಬೇಡಿ, ಅಪಾಯಕಾರಿ ತ್ಯಾಜ್ಯ ತೆಗೆದುಕೊಳ್ಳುವವರಿಗೆ ಕೊಡಿ.

ಓವನ್ ಹತ್ತುತ್ತದೆ, ಬೇಯುವುದು ಸರಿಯಿಲ್ಲ

ಇಲ್ಲಿ ನಾಲಿಗೆಯ ತೀರ್ಪು ನಂಬಬೇಡಿ, ಥರ್ಮಾಮೀಟರ್ ಇಡಿ. ನಡುವಿನ ತಟ್ಟೆಯ ಮಧ್ಯದಲ್ಲಿ ಓವನ್ ಥರ್ಮಾಮೀಟರ್ ಇಟ್ಟು, ಡಯಲ್ಲನ್ನು 350 ಡಿಗ್ರಿ ಫ್ಯಾರನ್‌ಹೀಟಿಗೆ, ಅಂದರೆ ಸುಮಾರು 177 ಸೆಲ್ಸಿಯಸ್‌ಗೆ ತಿರುಗಿಸಿ. ಅರ್ಧ ಗಂಟೆ ಬಿಡಿ. ಆಮೇಲೆ ಬರ್ನರ್ ಹತ್ತಿ ಆರುವ ಕೆಲವು ಸುತ್ತು ಗಮನಿಸಿ, ಏರಿದ ತುದಿ, ಇಳಿದ ತುದಿ ಎರಡನ್ನೂ ಬರೆದುಕೊಂಡು ಸರಾಸರಿ ತೆಗೆಯಿರಿ. ಒಂದೇ ಸಲ ನೋಡಿ ಬಾಗಿಲು ಮುಚ್ಚಿದರೆ ಸುಳ್ಳು ಲೆಕ್ಕ ಸಿಗುತ್ತದೆ.

ಯಾವ ಶಾಖಕ್ಕಿಟ್ಟರೂ ಒಂದೇ ಅಂತರ ತಪ್ಪುತ್ತಿದ್ದರೆ ಅದು ಬರೀ ಹೊಂದಾಣಿಕೆಯ ಮಾತು. ಹೆಚ್ಚಿನ ಥರ್ಮೋಸ್ಟಾಟುಗಳಲ್ಲಿ ನಾಬ್ ಎಳೆದರೆ ಹಿಂದೆ ತಿದ್ದುವ ಸ್ಕ್ರೂ ಇರುತ್ತದೆ. ಅಂತರ ಒಮ್ಮೆ ಒಂದು, ಇನ್ನೊಮ್ಮೆ ಇನ್ನೊಂದು ಆದರೆ ಸ್ಕ್ರೂ ಮುಟ್ಟಬೇಡಿ, ಓವನ್ ಒಳಗಿನ ಸಂವೇದಕ ನಳಿಕೆ ನೋಡಿ. ಅದು ತನ್ನ ಕ್ಲಿಪ್ಪಿನಿಂದ ಬಿದ್ದು ಗೋಡೆಗೆ ತಾಗಿರಬಹುದು. ಇಲ್ಲವೇ ಸುಟ್ಟ ಜಿಡ್ಡಿನ ದಪ್ಪ ಪದರದೊಳಗೆ ಮುಳುಗಿರಬಹುದು. ಮೆತ್ತಗೆ ಒರೆಸಿ, ಬಗ್ಗಿಸಬೇಡಿ. ಒಳಗಿನ ದ್ರವ ಸೋರಿದರೆ ಥರ್ಮೋಸ್ಟಾಟ್ ಮುಗಿಯಿತು. ಓವನ್ ಶಾಖ ಏರುತ್ತಲೇ ಹೋಗಿ ಎಂದೂ ಆರದಿದ್ದರೆ ಹಾಗೆ ಆಗಿರುವುದೇ ಹೆಚ್ಚು. ಆ ಸ್ಥಿತಿಯಲ್ಲಿ ಓವನ್ ಬಳಸಬೇಡಿ.

ಒಂದು ಕಡೆ ಸುಟ್ಟು ಇನ್ನೊಂದು ಕಡೆ ಹಸಿ ಉಳಿದರೆ ಬಾಗಿಲು ನೋಡಿ. ಬಾಗಿಲಿನ ಅಂಚಿನ ಸುತ್ತ ಅಲ್ಲಲ್ಲಿ ಒಂದು ಚೀಟಿ ಇಟ್ಟು ಮುಚ್ಚಿ ಎಳೆಯಿರಿ, ಓವನ್ ತಣ್ಣಗಿರುವಾಗ. ಎಲ್ಲಿ ಸಲೀಸಾಗಿ ಜಾರಿ ಬರುತ್ತದೋ ಅಲ್ಲಿಂದ ಶಾಖ ಹೊರಗೆ ಹೋಗುತ್ತಿದೆ. ಹಿಂಜಿನ ಸ್ಪ್ರಿಂಗ್ ಸೋತಿರುತ್ತದೆ. ಒಲೆ ಮಟ್ಟವಾಗಿದೆಯಾ ಅಂತ ತಟ್ಟೆಯಲ್ಲಿ ನೀರಿಟ್ಟು ನೋಡುವುದನ್ನೂ ಮರೆಯಬೇಡಿ. ಇನ್ನು ಓವನ್ ತಳಕ್ಕೆ ಅಲ್ಯೂಮಿನಿಯಂ ಫಾಯಿಲ್ ಹಾಸಿದ್ದರೆ ಈಗಲೇ ಕಿತ್ತುಹಾಕಿ. ತಳದ ತೂತುಗಳು ಗಾಳಿ ಓಡಾಡಲು ಇರುವಂಥವು. ಮುಚ್ಚಿದರೆ ಬೇಯುವುದೂ ಕೆಡುತ್ತದೆ, ಕಾರ್ಬನ್ ಮಾನಾಕ್ಸೈಡೂ ಹುಟ್ಟುತ್ತದೆ.

ಚೇಂಬರ್ಸ್ ಒಲೆ ಇದ್ದವರಿಗೆ ಒಂದು ಮಾತು. ಅದರ ಓವನ್ ಸುತ್ತ ದಪ್ಪ ಶಾಖ ನಿರೋಧಕ ಇದೆ, ಗ್ಯಾಸ್ ಆರಿಸಿದ ಮೇಲೂ ಉಳಿದ ಶಾಖದಲ್ಲೇ ಬೇಯಲಿ ಅಂತ. ಹಾಗಾಗಿ ಬೇರೆ ಓವನ್ನಿನ ಲೆಕ್ಕದಲ್ಲಿ ಗ್ಯಾಸ್ ಉರಿಸಿದರೆ ಅಡುಗೆ ಸೀಯುತ್ತದೆ. ಅದು ದೋಷವಲ್ಲ, ಬಳಸುವ ಕ್ರಮ ಬೇರೆ.

ಕರೆಂಟಿನ ರೇಂಜ್

ಗಡಿಯಾರ ಓಡುತ್ತದೆ, ದೀಪ ಹತ್ತುತ್ತದೆ, ಆದರೆ ಒಂದು ಕಾಯಿಲ್ಲೂ, ಅಂದರೆ ಕರೆಂಟಿನಿಂದ ಬಿಸಿಯಾಗುವ ಸುರುಳಿಯೂ, ಕಾಯುವುದಿಲ್ಲ. ಇದು ಕ್ಲಾಸಿಕ್ ಲಕ್ಷಣ. ಅಮೆರಿಕದ ರೇಂಜಿಗೆ 120 ವೋಲ್ಟಿನ ಎರಡು ಸಾಲು ಬರುತ್ತದೆ, ಎರಡೂ ಸೇರಿ 240. ಗಡಿಯಾರ, ದೀಪ ಒಂದೇ ಸಾಲಿನಲ್ಲಿ ನಡೆಯುತ್ತವೆ, ಕಾಯಿಲ್ಲಿಗೆ ಎರಡೂ ಬೇಕು. ಒಂದು ಫ್ಯೂಸ್ ಹೋಗಿದ್ದರೆ ಹೀಗಾಗುತ್ತದೆ. ಒಲೆ ಬಿಚ್ಚುವ ಮುಂಚೆ ಫ್ಯೂಸ್ ಪೆಟ್ಟಿಗೆಗೆ ಹೋಗಿ.

ಒಂದೇ ಕಾಯಿಲ್ ಕಾಯದಿದ್ದರೆ, ಮೇನ್ ಆರಿಸಿ, ಅದರ ತಂತಿ ಬಿಡಿಸಿ ಓಮ್ ಅಳೆಯಿರಿ. ವೋಲ್ಟನ್ನು ವೋಲ್ಟಿನಿಂದಲೇ ಗುಣಿಸಿ ವಾಟಿನಿಂದ ಭಾಗಿಸಿದರೆ ಬರಬೇಕಾದ ಅಂಕಿ ಸಿಗುತ್ತದೆ. 240 ವೋಲ್ಟಿನ 1250 ವಾಟ್ ಕಾಯಿಲ್ಲಿಗೆ ಸುಮಾರು 46 ಓಮ್, 2100ಕ್ಕೆ ಸುಮಾರು 27, 2500ಕ್ಕೆ 23. ತಣ್ಣಗಿದ್ದಾಗ ಅಂಕಿ ಸ್ವಲ್ಪ ಕಡಿಮೆ ತೋರಿಸಿದರೆ ಚಿಂತೆಯಿಲ್ಲ. ಓದುವಿಕೆಯೇ ಬರದಿದ್ದರೆ ಒಳಗಿನ ತಂತಿ ತುಂಡಾಗಿದೆ. ಕಾಯಿಲ್ಲಿನ ತುದಿಗೂ ಹೊರಗಿನ ಕವಚಕ್ಕೂ ನಡುವೆ ಓಮ್ ಸಿಕ್ಕಿದರೆ ಅದು ಮೈಗೆ ಕರೆಂಟ್ ಬಿಡುವ ಕಾಯಿಲ್, ಮತ್ತೆ ಹಾಕಲೇಬೇಡಿ. ಗುಂಡಿ ಒತ್ತುವ 1950ರ ದಶಕದ ಒಲೆಗಳಲ್ಲಿ ಒಂದು ಬರ್ನರಿನೊಳಗೆ ಎರಡು ಕಾಯಿಲ್ ಇರುತ್ತವೆ, ಅವನ್ನು ಬೇರೆ ಬೇರೆ ರೀತಿ ಜೋಡಿಸಿ ಹಲವು ಹಂತದ ಶಾಖ ಬರುತ್ತದೆ. ಕೆಲವು ಹಂತ ಸರಿ, ಕೆಲವು ಸತ್ತಿವೆ ಅಂದರೆ ಒಂದು ಕಾಯಿಲ್ ಹೋಗಿದೆ, ಇಲ್ಲವೇ ಸ್ವಿಚ್ಚಿನ ಸಂಪರ್ಕ ಸುಟ್ಟಿದೆ.

ಮೈ ಮುಟ್ಟಿದರೆ ಜುಮ್ ಅಂದರೆ ಅಲ್ಲಿಗೇ ನಿಲ್ಲಿಸಿ. ಹಳೇ ಅಮೆರಿಕನ್ ರೇಂಜಿನಲ್ಲಿ ನ್ಯೂಟ್ರಲ್ ತಂತಿಯನ್ನೇ ಒಲೆಯ ಮೈಗೂ ಜೋಡಿಸಿರುತ್ತಾರೆ. ಬೇರೆ ಅರ್ಥ್ ತಂತಿ ಇಲ್ಲ. 1996ರ ರಾಷ್ಟ್ರೀಯ ವಿದ್ಯುತ್ ಸಂಹಿತೆಯಿಂದ ಹೊಸ ಸಂಪರ್ಕಗಳಿಗೆ ನಾಲ್ಕು ತಂತಿ ಕಡ್ಡಾಯ. ಹಳೇ ಮೂರು ತಂತಿಯಲ್ಲಿ ನ್ಯೂಟ್ರಲ್ ಸಡಿಲವಾದರೆ ಒಲೆಯ ಮೈಗೇ ಕರೆಂಟ್ ಬರುತ್ತದೆ. ಇದು ಎಲೆಕ್ಟ್ರಿಷಿಯನ್ ಕೆಲಸ, ನಮ್ಮದಲ್ಲ.

ಒಲೆ ಸರಿಯಿದೆ, ಅಡುಗೆಮನೆ 'ಹಳಸಲು' ಕಾಣುತ್ತಿದೆ

ಬಣ್ಣದ ದೂರನ್ನೂ ದೋಷದ ಹಾಗೇ ಹುಡುಕಬೇಕು. 1950ರ ದಶಕದಲ್ಲಿ ತಿಳಿಗುಲಾಬಿ, ಟರ್ಕಾಯಿಸ್. 1960ರ ಕೊನೆ, 1970ರಲ್ಲಿ ಅವೊಕಾಡೊ ಹಸಿರು, ಹಾರ್ವೆಸ್ಟ್ ಗೋಲ್ಡ್ ಎಂಬ ಮಾಗಿದ ತೆನೆಯ ಹಳದಿ, ಕಾಪರ್‌ಟೋನ್ ಎಂಬ ತಾಮ್ರದ ಕಂದು. ಅವು ಹೊಸದಾಗಿದ್ದಾಗ ಯಾರಿಗೂ ಮಂಕಾಗಿ ಕಾಣಲಿಲ್ಲ, ಅಲ್ವಾ? ಹಾಗಾದರೆ ನಡುವೆ ಏನು ಬದಲಾಯಿತು?

ಮೊದಲ ಶಂಕಿತ ಬಲ್ಬ್. ಆ ಬಣ್ಣಗಳು ಬೆಚ್ಚನೆಯ ತಂತಿ ಬಲ್ಬಿನ ಬೆಳಕಿಗೆ ಆರಿಸಿದವು. ಅದರ ಬೆಳಕು ಸುಮಾರು 2700 ಕೆಲ್ವಿನ್ (ಬೆಳಕಿನ ಬಣ್ಣದ ಅಳತೆ, ಅಂಕಿ ಏರಿದಷ್ಟೂ ಬೆಳಕು ನೀಲಿಬಿಳಿ). ಇವತ್ತು ಅಲ್ಲಿ 6500 ಕೆಲ್ವಿನ್‌ನ ಬಿಳಿ ಎಲ್‌ಇಡಿ ಇದ್ದರೆ ಹಾರ್ವೆಸ್ಟ್ ಗೋಲ್ಡ್ ಹಸಿರು ತಿರುಗುತ್ತದೆ, ಅವೊಕಾಡೊ ಹಸಿರು ಕೆಸರಾಗುತ್ತದೆ, ಮರದ ಹಲಗೆ ಬೂದಿ ಬಳಿದುಕೊಂಡಂತೆ ಕಾಣುತ್ತದೆ. 2700ರಿಂದ 3000 ಕೆಲ್ವಿನ್‌ನ, ಬಣ್ಣ ನಿಜವಾಗಿ ತೋರಿಸುವ ಸಿಆರ್‌ಐ 90ಕ್ಕಿಂತ ಹೆಚ್ಚಿರುವ ಬಲ್ಬ್ ಹಾಕಿ ಒಂದು ವಾರ ಬದುಕಿ ನೋಡಿ. ಒಲೆ ಮಾರುವ ಯೋಚನೆ ಇಲ್ಲಿಗೇ ಬಿಟ್ಟುಹೋಗುವುದು ಎಷ್ಟೋ ಸಲ.

ಎರಡನೆಯದು ಜಿಡ್ಡು. ಪಿಂಗಾಣಿಯಂಥ ಎನಾಮೆಲ್ ಅಂದರೆ ಉಕ್ಕಿನ ಮೇಲೆ ಸುಮಾರು 800 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಕರಗಿಸಿ ಕೂರಿಸಿದ ಗಾಜು. ಬಣ್ಣ ಬರುವುದು ಲೋಹದ ಆಕ್ಸೈಡುಗಳಿಂದ. ಅಡುಗೆಮನೆಯ ಬಿಸಿಲಿಗೆ ಅದು ಮಾಸುವುದಿಲ್ಲ. ಹಾಗಾಗಿ ಎನಾಮೆಲ್ ಹಳದಿಯಾಗಿದೆ ಅನಿಸಿದರೆ ಕಾಣದ ಮೂಲೆಯಲ್ಲಿ ಅಂಗೈ ಅಗಲ ಜಾಗವನ್ನು ಬಿಸಿನೀರು, ಸೋಪಿನಿಂದ ಒರೆಸಿ ನೋಡಿ. ಎರಡು ಬಣ್ಣ ಕಂಡರೆ ಅದು ಜಿಡ್ಡು. ಒರೆಸಿದರೂ ಬದಲಾಗದೆ ಹಳದಿ ಉಳಿದರೆ ಅದು ಎನಾಮೆಲ್ ಅಲ್ಲ, ಬೇಯಿಸಿದ ಪೇಂಟ್. ಪಕ್ಕದ ತಗಡುಗಳಿಗೆ ಪೇಂಟ್ ಬಳಿದ ಒಲೆಗಳೂ ಉಂಟು. ಎದ್ದ ಚಕ್ಕೆ ನೋಡಿದರೂ ತಿಳಿಯುತ್ತದೆ. ಎನಾಮೆಲ್ ಗಾಜಿನ ಹಾಗೆ ಚೂಪಾಗಿ ಒಡೆಯುತ್ತದೆ, ಕೆಳಗೆ ಕಪ್ಪು ನೀಲಿಯ ಮೊದಲ ಪದರ ಕಾಣುತ್ತದೆ. ಪೇಂಟ್ ಸಿಪ್ಪೆಯಂತೆ ಏಳುತ್ತದೆ.

ಬಿಸಿ ಎನಾಮೆಲ್ ಮೇಲೆ ಒದ್ದೆ ಬಟ್ಟೆ ಇಡಬೇಡಿ, ಕೂದಲೆಳೆಯ ಬಿರುಕು ಬೀಳುವುದು ಹಾಗೇ. ನಿಂಬೆ, ವಿನಿಗರ್ ಚೆಲ್ಲಿದರೆ ತಣ್ಣಗಾದ ಕೂಡಲೇ ಒರೆಸಿ. ಮೇಲ್ಭಾಗಕ್ಕೆ ಹುಳಿ ತಡೆಯುವ ಎನಾಮೆಲ್ ಹಾಕಿದ್ದರೂ ಉಳಿದ ಕಡೆ ಹಾಗಿರುವುದಿಲ್ಲ. ಹೊಳಪು ಒಮ್ಮೆ ಹೋದರೆ ಉಜ್ಜಿ ತರಲಾಗುವುದಿಲ್ಲ.

ಕ್ರೋಮ್ ಪಟ್ಟಿಯ ಮೇಲೆ ಕಂದು ಚುಕ್ಕೆ ಇದ್ದರೆ ಅಲ್ಯೂಮಿನಿಯಂ ಫಾಯಿಲ್ಲನ್ನು ನೀರಲ್ಲಿ ಅದ್ದಿ ಮೆಲ್ಲಗೆ ಉಜ್ಜಿ. ಕ್ರೋಮಿಗಿಂತ ಫಾಯಿಲ್ ಮೆತ್ತಗೆ, ಹಾಗಾಗಿ ಗೀರು ಬೀಳುವುದಿಲ್ಲ. ಉಜ್ಜಿದ ಮೇಲೂ ತುಸು ಹಳದಿ ಛಾಯೆ ಉಳಿದರೆ ಕ್ರೋಮ್ ಸವೆದು ನಿಕಲ್ ಮೇಲೆ ಬಂದಿದೆ. ಆಗ ಉಜ್ಜುವುದನ್ನು ನಿಲ್ಲಿಸಿ, ಮತ್ತೆ ಕ್ರೋಮ್ ಲೇಪ ಹಾಕಿಸುವುದೊಂದೇ ದಾರಿ.

ಬಲ್ಬ್ ಬದಲಾಯಿತು, ಜಿಡ್ಡು ಹೋಯಿತು, ಆದರೂ ಏನೋ ಒಗ್ಗುತ್ತಿಲ್ಲ ಅನ್ನಿಸಿದರೆ ಆಗ ಅಕ್ಕಪಕ್ಕ ನೋಡಿ. 1940ರ ದಶಕದ ಬಿಳಿ ರೇಂಜ್ ಪಕ್ಕದಲ್ಲಿ 1970ರ ಕಡುಕಂದು ಹಲಗೆ, ಅದರ ಕೆಳಗೆ 2000ರ ಬೂದು ಟೈಲ್ಸ್. ಮೂರು ಕಾಲ ಮೂರು ದಿಕ್ಕಿಗೆ ಎಳೆಯುತ್ತಿರುತ್ತವೆ. ನನ್ನ ಸಲಹೆ, ಒಲೆಯನ್ನು ಬಿಡಿ, ಅದು ಆ ಕೋಣೆಯ ಗಟ್ಟಿ ವಸ್ತು. ಗೋಡೆಯ ಬಣ್ಣ, ಪರದೆ, ಕಪಾಟಿನ ಹಿಡಿಗಳನ್ನು ಒಲೆಯ ಕಾಲದ ಕಡೆ ತನ್ನಿ. ಹಾರ್ವೆಸ್ಟ್ ಗೋಲ್ಡ್ ಒಲೆಗೆ ಬೆಣ್ಣೆ ಬಿಳಿ ಗೋಡೆ ಮತ್ತು ನಡುಕಂದು ಮರ ಒಪ್ಪುತ್ತದೆ. ಅಪ್ಪಟ ನೀಲಿಬಿಳಿ ಗೋಡೆ ಅದನ್ನು ಕೊಳಕಾಗಿ ತೋರಿಸುತ್ತದೆ. ಅವೊಕಾಡೊ ಹಸಿರಿಗೆ ಇನ್ನೊಂದು ಹಸಿರು ಹುಡುಕಬೇಡಿ, ಎಂದೂ ಹೊಂದುವುದಿಲ್ಲ.

ಆದರೆ ಹಳೇ ಗೋಡೆ, ನೆಲ ಕೆರೆಯುವ ಮುಂಚೆ ಒಂದು ಪರೀಕ್ಷೆ ಮಾಡಿಸಲೇಬೇಕು. ಅಮೆರಿಕದಲ್ಲಿ ಮನೆಗೆ ಬಳಸುವ ಸೀಸದ ಪೇಂಟನ್ನು 1978ರಲ್ಲಿ ನಿಷೇಧಿಸಿದರು, ಅದಕ್ಕೂ ಹಳೇ ಪದರದಲ್ಲಿ ಸೀಸ ಇರಬಹುದು. 9 ಇಂಚು ಚೌಕದ ಹಳೇ ನೆಲದ ಟೈಲ್ಸ್, ಅದರ ಕೆಳಗಿನ ಕಪ್ಪು ಅಂಟು, ಚಾವಣಿಯ ಉಬ್ಬು ಉಬ್ಬಾದ ಲೇಪ ಇವುಗಳಲ್ಲಿ ಆಸ್ಬೆಸ್ಟಾಸ್ ಸಿಗುವುದು ಸಾಮಾನ್ಯ. ಒಲೆಯ ಒಳಗಿನ ಹಳೇ ಹಗ್ಗದಂಥ ಗ್ಯಾಸ್ಕೆಟ್, ಬಟ್ಟೆ ಸುತ್ತಿದ ತಂತಿ, ಬೂದು ಹಲಗೆಯಲ್ಲೂ ಇರಬಹುದು. ಬ್ರಷ್ ಹಾಕಬೇಡಿ, ವ್ಯಾಕ್ಯೂಮ್ ಹಿಡಿಯಬೇಡಿ, ದೂಳು ಎಬ್ಬಿಸಬೇಡಿ. ಚೂರು ಕಳಿಸಿ ಲ್ಯಾಬಿನಲ್ಲಿ ನೋಡಿಸಿ. ಆ ಟೈಲ್ಸ್ ಗಟ್ಟಿಯಾಗಿ ಕೂತಿದ್ದರೆ ಕೀಳದೆ ಮೇಲೆಯೇ ಹೊಸ ನೆಲ ಹಾಸುವುದು ಸುರಕ್ಷಿತ.

ಇನ್ನು ಎದ್ದ ಎನಾಮೆಲ್ ಚಕ್ಕೆಗಳು. ಬಾಟಲಿಯಲ್ಲಿ ಸಿಗುವ ಟಚ್ ಅಪ್ ಬಣ್ಣ ಪಕ್ಕದ ತಗಡಿಗೆ, ಕೆಳಗಿನ ಡ್ರಾಯರ್ ಬಾಗಿಲಿಗೆ ಸರಿ. ಬರ್ನರಿನ ಹತ್ತಿರ, ಓವನ್ ಒಳಗೆ ಹಾಕಿದರೆ ಸುಟ್ಟು ಕಪ್ಪಾಗುತ್ತದೆ. ಅಲ್ಲಿಗೆ ತಗಡನ್ನು ಬಿಚ್ಚಿ ಮತ್ತೆ ಎನಾಮೆಲ್ ಮಾಡಿಸುವುದೇ ಸರಿ. ಬಿಚ್ಚುವ ಮುಂಚೆ ಪ್ರತಿ ಸ್ಕ್ರೂವಿನ ಜಾಗದ ಫೋಟೊ ತೆಗೆದಿಟ್ಟುಕೊಳ್ಳಿ. ಹೊಸ ಪದರದಿಂದ ತಗಡಿನ ತೂತು ಸ್ವಲ್ಪ ಕಿರಿದಾಗಿ ಬರುತ್ತದೆ. ಜೋಡಿಸುವಾಗ ಸ್ಕ್ರೂವನ್ನು ಬಿಗಿಯಾಗಿ ತಿರುಗಿಸಿದರೆ ಹೊಸ ಎನಾಮೆಲ್ ಅಲ್ಲೇ ಚಕ್ಕೆ ಏಳುತ್ತದೆ. ಪ್ರತಿ ಸ್ಕ್ರೂವಿನ ಕೆಳಗೂ ಶಾಖ ತಡೆಯುವ ತೆಳು ವಾಷರ್ ಇಟ್ಟು, ಕೈಯಿಂದಲೇ, ಎಲ್ಲವನ್ನೂ ಒಂದೊಂದು ಸುತ್ತಿನಂತೆ ಸಮವಾಗಿ ಬಿಗಿಯಿರಿ.